ಎರಡನೇ ರೆಫರಿ ಮತ್ತು ಅಮ್ಮನ ಕ್ಯಾಲೆಂಡರು

ಹೋದ ತಿಂಗಳು ಈ ಪುಟದ ಕೊನೆಯಲ್ಲಿ ಸಂಪಾದಕರು ಒಂದು ಸಾಲು ಹಾಕಿದ್ದರು: ಅರ್ಥಶಾಸ್ತ್ರದ ಸಂಶೋಧನೆ ಬಗ್ಗೆ ಏನು ಬೇಕಾದರೂ ಕೇಳಿ ಅಂತ. ನಾಲ್ಕು ಪತ್ರ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಇಪ್ಪತ್ತಾರು ಬಂದವು. ಅದರಲ್ಲಿ ಒಂಬತ್ತು ಅಡಿಕೆ ಧಾರಣೆಯದ್ದು. ಕಾಸರಗೋಡಿನಿಂದ ಮತ್ತೆಂತ ಬರುತ್ತದೆ! ಒಂಬತ್ತಕ್ಕೂ ಸೇರಿಸಿ ಒಂದೇ ಉತ್ತರ ಬರೆದಿದ್ದೇನೆ, ಬೇಸರ ಮಾಡಬೇಡಿ. ನಾನು ಮೂವತ್ತೊಂದು ವರ್ಷ ಪಾಠ ಮಾಡಿ, ನಿವೃತ್ತಿಯಾಗಿ ನೀರ್ಚಾಲಿನ ತೋಟಕ್ಕೆ ವಾಪಸಾದವಳು. ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಶ್ನೆ: ಡಾಕ್ಟರ್ ಅಂದರೆ ರೋಗಿ ನೋಡುತ್ತಾರೆ, ವಕೀಲರು ಕೋರ್ಟಿಗೆ ಹೋಗುತ್ತಾರೆ. ಅರ್ಥಶಾಸ್ತ್ರಜ್ಞರು ಬೆಳಗ್ಗೆಯಿಂದ ಸಂಜೆವರೆಗೆ ಎಂತ ಮಾಡುವುದು?
— ಪ್ಲಸ್ ಟು ವಿದ್ಯಾರ್ಥಿನಿ, ಬದಿಯಡ್ಕ

ಒಳ್ಳೆ ಪ್ರಶ್ನೆ. ನನ್ನ ಅತ್ತೆ ಇಪ್ಪತ್ತು ವರ್ಷ ಇದನ್ನೇ ಕೇಳಿದರು.

ಕಾಲೇಜಿನಲ್ಲಿ ಕೆಲಸ ಇದ್ದರೆ ಅರ್ಧ ದಿನ ಪಾಠ, ಉತ್ತರಪತ್ರಿಕೆ ಮತ್ತು ಮೀಟಿಂಗಿಗೆ ಹೋಗುತ್ತದೆ. ಸಂಶೋಧನೆ ನಡೆಯುವುದು ಉಳಿದ ಅರ್ಧದಲ್ಲಿ. ಅದು ಹೊರಗಿನಿಂದ ನೋಡಿದರೆ ಸುಮ್ನೆ ಕೂತಂತೆ ಕಾಣುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಒಮ್ಮೆ ಬೀಡಿ ಕಟ್ಟುವವರ ಮನೆಗಳ ಸರ್ವೆ ಮಾಡಿದ್ದೆವು. ಲೆಕ್ಕ ಹಾಕುವಾಗ ಸರಾಸರಿ ಎಲ್ಲೋ ತಪ್ಪುತ್ತಿತ್ತು. ಆರು ದಿನ ಹುಡುಕಿದೆ. ಕೊನೆಗೆ ಉಪ್ಪಳದ ಒಂದು ಮನೆಯಲ್ಲಿ 41 ಜನ ಇದ್ದಾರೆ ಅಂತ ಟೈಪ್ ಆಗಿತ್ತು. ಇದ್ದದ್ದು ನಾಲ್ಕು ಜನ. ಪಕ್ಕದ ಕಾಲಮ್ಮಿನ ಒಂದು ಅಂಕಿ ಜಾರಿ ಇವರ ಮನೆಗೆ ಬಂದು ಕೂತಿತ್ತು. ಆರು ದಿನದ ಸಾಧನೆ ಅಂದರೆ ಒಂದು '1' ಅಳಿಸಿದ್ದು. ಆ ದಿನ ಸಂಜೆ ನನಗಿದ್ದ ಖುಷಿ ಮಾತ್ರ ಕೇಳಬೇಡಿ.

ಉಳಿದಂತೆ ಓದುವುದು, ಬರೆಯುವುದು, ಬರೆದದ್ದನ್ನು ಹರಿಯುವುದು. ಬೇರೆಯವರ ಪೇಪರ್, ಅಂದರೆ ಸಂಶೋಧನಾ ಲೇಖನ, ಓದಿ ಅಭಿಪ್ರಾಯ ಬರೆದು ಕೊಡುವುದು, ಹೆಚ್ಚಾಗಿ ಬಿಟ್ಟಿ ಕೆಲಸ. ಆಮೇಲೆ ಸೆಮಿನಾರ್. ನಮ್ಮ ಸೆಮಿನಾರಿನಲ್ಲಿ ಬೇರೆ ವಿಷಯದವರ ಹಾಗೆ ಮಾತು ಮುಗಿಯುವವರೆಗೆ ಕಾಯುವ ಕ್ರಮ ಇಲ್ಲ. ಎರಡನೇ ಸ್ಲೈಡಿಗೇ ಯಾರಾದರೂ ಕೈ ಎತ್ತುತ್ತಾರೆ. 'ಇದು ಹೀಗೂ ಇರಬಹುದಲ್ವಾ?' ಅಂತ ಕೇಳುತ್ತಾರೆ. ಮೊದಲ ಸಲ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಹತ್ತು ವರ್ಷದ ನಂತರ ಆ ಕೈ ಎತ್ತುವವಳು ನಾನೇ ಆಗಿದ್ದೆ.

ಪ್ರಶ್ನೆ: ಎಂ.ಎ. ಮುಗಿಸಿದೆ. ಸಂಶೋಧನೆ ಮಾಡಬೇಕು ಅಂತ ಆಸೆ. ಆದರೆ ನಮ್ಮ ಊರಿನಲ್ಲಿ ಸಂಶೋಧನೆ ಮಾಡುವಂಥದ್ದು ಏನಿದೆ? ದೊಡ್ಡ ವಿಷಯ ಬೇಕಾದರೆ ದಿಲ್ಲಿಗೆ ಹೋಗಲೇಬೇಕಲ್ಲ? ಅಪ್ಪ ಮೀನುಗಾರರು.
— ಯುವಕ, ಕುಂಬಳೆ

ಅಪ್ಪ ಮೀನುಗಾರರು ಅಂತ ಬರೆದು ಆಮೇಲೆ ಊರಲ್ಲಿ ಏನಿದೆ ಅಂತ ಕೇಳುತ್ತೀರಲ್ಲ ಮಾರಾಯ್ರೆ!

ಅಮೆರಿಕದಲ್ಲಿ ಅರ್ಥಶಾಸ್ತ್ರದ ಒಂದು ಜರ್ನಲ್, ಅಂದರೆ ಸಂಶೋಧನಾ ಪತ್ರಿಕೆ, ಉಂಟು, ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್. 1886ರಿಂದ ಬರುತ್ತಿದೆ. ಅದರಲ್ಲಿ ಒಂದು ಪೇಪರ್ ಬಂದರೆ ಆ ಮನುಷ್ಯನಿಗೆ ಜೀವಮಾನದ ಕೆಲಸ ಖಾತ್ರಿ ಅನ್ನುತ್ತಾರೆ. 2007ರಲ್ಲಿ ಅದರಲ್ಲಿ ರಾಬರ್ಟ್ ಜೆನ್ಸನ್ ಅನ್ನುವವರ ಪೇಪರ್ ಬಂತು. ಯಾವುದರ ಬಗ್ಗೆ ಗೊತ್ತಾ? ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಯ ಬೂತಾಯಿ ಮೀನಿನ ಬಗ್ಗೆ.

ಅವರು ಕಡಲ ತೀರದ 15 ಮಾರುಕಟ್ಟೆಗಳನ್ನು ಹಿಡಿದು 1996ರಿಂದ 2001ರವರೆಗೆ ವಾರ ವಾರ ಲೆಕ್ಕ ಬರೆಸಿದರು. ಮೊಬೈಲ್ ಬರುವ ಮೊದಲು ದೋಣಿಯವರು ತಮ್ಮ ಊರಿನ ದಡಕ್ಕೇ ಬರುತ್ತಿದ್ದರು. ಒಂದು ದಡದಲ್ಲಿ ಮೀನು ಜಾಸ್ತಿಯಾಗಿ ಕೊಳ್ಳುವವರಿಲ್ಲದೆ ಚೆಲ್ಲುತ್ತಿದ್ದರು. ಅದೇ ಬೆಳಗ್ಗೆ ಹದಿನೈದು ಕಿಲೋಮೀಟರ್ ಆಚೆ ಕೊಳ್ಳುವವರು ಬರಿಗೈಯಲ್ಲಿ ಹೋಗುತ್ತಿದ್ದರು. ದಿನದ ಮೀನಿನಲ್ಲಿ ನೂರಕ್ಕೆ ಐದರಿಂದ ಎಂಟು ಪಾಲು ಹೀಗೆ ಹಾಳು. ಮೊಬೈಲ್ ಬಂದ ಮೇಲೆ ಸಮುದ್ರದಲ್ಲೇ ಫೋನ್ ಮಾಡಿ ಯಾವ ದಡ ಅಂತ ನಿರ್ಧರಿಸಿದರು. ಚೆಲ್ಲುವುದು ನಿಂತೇ ಹೋಯಿತು. ಮೀನುಗಾರರ ಲಾಭ ಸರಾಸರಿ ನೂರಕ್ಕೆ 8 ಏರಿತು, ಕೊಳ್ಳುವವರಿಗೆ ಬೆಲೆ ನೂರಕ್ಕೆ 4 ಇಳಿಯಿತು.

ಈಗ ಇದರ ಜಾಣತನ ನೋಡಿ. ಮೊಬೈಲ್ ಬಂದ ಮೇಲೆ ಬೆಲೆ ಸರಿಹೋಯಿತು ಅಂದರೆ ಸಾಕಾ? ಆ ವರ್ಷ ಮೀನೇ ಚೆನ್ನಾಗಿ ಸಿಕ್ಕಿರಬಹುದು, ರಸ್ತೆ ಆಗಿರಬಹುದು. ಆದರೆ ಸಿಗ್ನಲ್ ಮೂರು ಕಡೆಗೂ ಒಟ್ಟಿಗೆ ಬರಲಿಲ್ಲ. ಕೋಯಿಕ್ಕೋಡಿಗೆ 1997, ಕಣ್ಣೂರಿಗೆ 1998, ನಮಗೆ 2000. ಪ್ರತಿ ಸಲವೂ ಸಿಗ್ನಲ್ ಬಂದ ಕಡೆ ಮಾತ್ರ ಬೆಲೆಯ ಏರುಪೇರು ನಿಂತಿತು. ಬಾರದ ಕಡೆ ಹಾಗೇ ಇತ್ತು. ಕಾಸರಗೋಡಿಗೆ ಎಲ್ಲವೂ ತಡವಾಗಿ ಬರುತ್ತದೆ ಅಂತ ನಾವು ಗೊಣಗುತ್ತೇವೆ. ಆ ತಡದಿಂದಲೇ ಆ ಪೇಪರ್ ಆಯಿತು.

ನಾನು ಅದನ್ನು ಮೊದಲ ಸಲ ಓದಿದಾಗ ಹೊಟ್ಟೆ ಉರಿದುಹೋಯಿತು. ಆ ವರ್ಷಗಳಲ್ಲಿ ವಾರಕ್ಕೆ ಎರಡು ಸಲ ನಾನೂ ಮೀನು ಪೇಟೆಯ ಪಕ್ಕದಲ್ಲೇ ಬಸ್ಸಿಗೆ ಕಾದವಳು. ಮೂಗು ಮುಚ್ಚಿಕೊಂಡು ನಿಂತಿದ್ದೆ ಅಷ್ಟೆ.

ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಕಲಿಯಲು ಹೋಗಲೇಬೇಕು. ದಿಲ್ಲಿ ದೂರ ಆದರೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ, ಬೆಳಗ್ಗೆ ತಿರುವನಂತಪುರ. ಅಲ್ಲಿ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಉಂಟು. ಕಟ್ಟಡವೆಲ್ಲ ವಾಸ್ತುಶಿಲ್ಪಿ ಲಾರಿ ಬೇಕರ್ ಅವರದ್ದು, ನೋಡಲಿಕ್ಕಾದರೂ ಹೋಗಬೇಕು. ಬೆಂಗಳೂರಿನಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಶುರುಮಾಡಿದ ಐಸೆಕ್ ಅನ್ನುವ ಸಂಶೋಧನಾ ಸಂಸ್ಥೆ ಉಂಟು. ಹತ್ತಿರವೇ ಬೇಕಾದರೆ ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ. ಪ್ರಶ್ನೆಯನ್ನು ಮಾತ್ರ ಮನೆಯಿಂದ ತೆಗೆದುಕೊಂಡು ಹೋಗಿ. ನಾಳೆ ಬೆಳಗ್ಗೆ ಅಪ್ಪನ ಜೊತೆ ದಡಕ್ಕೆ ಹೋಗಿ, ಹರಾಜು ಕೂಗುವವನಿಗೆ ಎಷ್ಟು ಕಮಿಷನ್, ದೋಣಿಗೆ ಸಾಲ ಕೊಟ್ಟವನಿಗೇ ಮೀನು ಮಾರಬೇಕಾ, ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಹನ್ನೊಂದು ತಿಂಗಳು ಕಾದ ಮೇಲೆ ನನ್ನ ಮೊದಲ ಪೇಪರ್ ರಿಜೆಕ್ಟ್ ಆಯಿತು. ಒಬ್ಬ ರೆಫರಿ ಚೆನ್ನಾಗಿದೆ ಅಂದಿದ್ದಾರೆ. ಎರಡನೆಯವರು ಮೂರು ಪುಟ ಬೈದಿದ್ದಾರೆ. ಗೈಡಿಗೆ ಮುಖ ತೋರಿಸುವ ಧೈರ್ಯ ಇಲ್ಲ. ಬಿಟ್ಟುಬಿಡಲಾ?
— ಸಂಶೋಧನಾ ವಿದ್ಯಾರ್ಥಿನಿ, ಮಂಜೇಶ್ವರ

ಮೊದಲು ಊಟ ಮಾಡಿ. ಪತ್ರದ ಧಾಟಿ ನೋಡಿದರೆ ಎರಡು ದಿನದಿಂದ ಸರಿಯಾಗಿ ತಿಂದಂತಿಲ್ಲ.

ಉಳಿದ ಓದುಗರಿಗಾಗಿ ಎರಡು ಮಾತು. ಪೇಪರ್ ಬರೆದು ಜರ್ನಲಿಗೆ ಕಳಿಸಿದರೆ ಮೊದಲು ಸಂಪಾದಕರು ನೋಡುತ್ತಾರೆ. ಬೇಡ ಅನಿಸಿದರೆ ವಾರದಲ್ಲೇ ವಾಪಸ್. ಪರವಾಗಿಲ್ಲ ಅನಿಸಿದರೆ ಆ ವಿಷಯ ಗೊತ್ತಿರುವ ಇಬ್ಬರು ಮೂವರಿಗೆ ಕಳಿಸುತ್ತಾರೆ. ಅವರೇ ರೆಫರಿಗಳು. ಅವರ ಹೆಸರು ನಮಗೆ ಗೊತ್ತಾಗುವುದಿಲ್ಲ. ಅವರ ವರದಿ ನೋಡಿ ಸಂಪಾದಕರು ಬೇಡ ಅನ್ನಬಹುದು, ಇಲ್ಲವೇ ತಿದ್ದಿ ಕಳಿಸಿ ಅನ್ನಬಹುದು. ಮೊದಲ ಸಲವೇ 'ಆಯಿತು' ಅನ್ನಿಸಿಕೊಂಡವರನ್ನು ನಾನು ನೋಡಿಲ್ಲ. ತಿದ್ದಿ ಕಳಿಸಿ ಅಂದ ದಿನ ನಾವು ಪಾಯಸ ಮಾಡುತ್ತೇವೆ.

ರಿಜೆಕ್ಟ್ ಆಗುವುದು ಎಷ್ಟು ಸಾಮಾನ್ಯ ಅಂದರೆ ಅದನ್ನೂ ಲೆಕ್ಕ ಹಾಕಿದ್ದಾರೆ. ಡೇವಿಡ್ ಕಾರ್ಡ್ ಮತ್ತು ಸ್ಟೆಫಾನೊ ಡೆಲ್ಲಾವಿನ್ಯಾ 2013ರಲ್ಲಿ ಜಗತ್ತಿನ ಐದು ದೊಡ್ಡ ಜರ್ನಲುಗಳನ್ನು ನೋಡಿದರು. ಹಿಂದೆ ನೂರಕ್ಕೆ 15 ಪೇಪರ್ ಒಳಗೆ ಬರುತ್ತಿದ್ದವು, ಆ ಹೊತ್ತಿಗೆ 6. ಪೇಪರಿನ ಉದ್ದ ಮಾತ್ರ ಸುಮಾರು ಮೂರು ಪಟ್ಟಾಗಿತ್ತು! ಜಾರ್ಜ್ ಅಕರ್ಲಾಫ್ ಕಥೆ ನಿಮ್ಮ ಗೈಡ್ ಹೇಳಿಯೇ ಇರುತ್ತಾರೆ. ಹಳೇ ಕಾರಿನ ಮಾರುಕಟ್ಟೆಯಲ್ಲಿ ಮಾರುವವನಿಗೆ ಗೊತ್ತಿದ್ದದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅಂತ ಅವರು ಬರೆದ ಪೇಪರನ್ನು ಮೂರು ಜರ್ನಲುಗಳು ತಿರಸ್ಕರಿಸಿದವು. ಎರಡು ಕಡೆ ಇದು ತೀರಾ ಸಣ್ಣ ವಿಷಯ ಅಂದರು. ಮೂರನೇ ಕಡೆ ಇದು ಸರಿಯಾದರೆ ಅರ್ಥಶಾಸ್ತ್ರವೇ ಬೇರೆಯಾಗಬೇಕಾಗುತ್ತದೆ ಅಂದರು. 1970ರಲ್ಲಿ ನಾಲ್ಕನೇ ಕಡೆ ಅಚ್ಚಾಯಿತು. 2001ರಲ್ಲಿ ನೊಬೆಲ್ ಬಂತು.

ಆದರೆ ಈ ಕಥೆ ಕೇಳಿ ರಿಜೆಕ್ಟ್ ಆದದ್ದೆಲ್ಲ ನೊಬೆಲ್ ಪೇಪರ್ ಅಂದುಕೊಳ್ಳಬೇಡಿ. ನನ್ನದಂತೂ ಅಲ್ಲ. ನನಗೆ ಬೈದ ರೆಫರಿ ಹೇಳಿದ್ದು ಸರಿಯಾಗಿಯೇ ಇತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಏಳು ತಿಂಗಳು ಬೇಕಾಯಿತು. ಆ ಕಥೆ ಹೇಳುತ್ತೇನೆ.

ನಮ್ಮ ಅಡಿಗೆ ಕೋಣೆಯ ಬಾಗಿಲ ಪಕ್ಕ ಒಂದು ಮೊಳೆಯಲ್ಲಿ ಕ್ಯಾಲೆಂಡರು ತೂಗುತ್ತಿತ್ತು. ಪೆನ್ಸಿಲ್ ತುಂಡನ್ನು ನೂಲಿನಲ್ಲಿ ಕಟ್ಟಿದ್ದರು. ಅಮ್ಮ ತಾರೀಕಿನ ಚೌಕದೊಳಗೆ ಬರೆಯುತ್ತಿದ್ದರು: 'ಆಳು 6'. 'ಹಳತು 2 ಗೋಣಿ'. 'ಪಂಪು'. 'ಫೀಸು'. ಅಷ್ಟೇ. ಹಳತು ಅಂದರೆ ಹೋದ ವರ್ಷದ ಅಡಿಕೆ. ನಮ್ಮ ಕಡೆ ಚಾಲಿ ಅಡಿಕೆಯನ್ನು ಸುಲಿದ ಕೂಡಲೇ ಎಲ್ಲ ಮಾರುವ ಕ್ರಮ ಇಲ್ಲವಲ್ಲ, ಗೋಣಿಯಲ್ಲಿ ಕಟ್ಟಿ ಇಡುತ್ತಾರೆ. 1975ರಿಂದ 1992ರವರೆಗಿನ ಕ್ಯಾಲೆಂಡರುಗಳು ಅಟ್ಟದಲ್ಲಿ ಸುರುಳಿ ಸುತ್ತಿ ಇದ್ದವು. ಬಿಸಾಡುವುದು ಅಮ್ಮನ ಜಾಯಮಾನ ಅಲ್ಲ.

ಪಿಎಚ್‌ಡಿ ಮುಗಿಸಿ ನಾನು ಅದರ ಮೇಲೆ ಬಿದ್ದೆ. ಪೆರ್ಲ, ಬದಿಯಡ್ಕ ಸುತ್ತ ಇನ್ನು ಹದಿನಾಲ್ಕು ಮನೆಗಳ ಲೆಕ್ಕದ ಪುಸ್ತಕ ಬೇಡಿ ತಂದೆ. ಒಬ್ಬರು ನನ್ನನ್ನು ತೆರಿಗೆಯವಳು ಅಂದುಕೊಂಡು ನಾಯಿ ಬಿಟ್ಟಿದ್ದರು, ಆಮೇಲೆ ಅವರೇ ಕಾಫಿ ಕೊಟ್ಟು ಎಲ್ಲರಿಗಿಂತ ಒಳ್ಳೆ ಲೆಕ್ಕ ಕೊಟ್ಟರು. ಪೇಪರಿನಲ್ಲಿ ನಾನು ಹೇಳಿದ್ದು ಇಷ್ಟು: ನಮ್ಮ ಕೃಷಿಕರು ಅಡಿಕೆ ಇಟ್ಟುಕೊಳ್ಳುವುದು ಬೆಲೆ ಏರಲಿ ಅಂತ ಅಲ್ಲ. ಅದು ಅವರ ಬ್ಯಾಂಕು. ಖರ್ಚು ಬಂದಾಗ ಗೋಣಿ ಇಳಿಯುತ್ತದೆ. 1997ರಲ್ಲಿ ಮೂರು ಪ್ರತಿ ಟೈಪ್ ಮಾಡಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಹದಿಮೂರು ತಿಂಗಳಾದ ಮೇಲೆ ದಪ್ಪ ಕವರು ವಾಪಸ್ ಬಂತು. ದಪ್ಪ ಇದ್ದದ್ದರಿಂದಲೇ ಗೊತ್ತಾಯಿತು.

ಎರಡನೇ ರೆಫರಿ ಎರಡು ವಿಷಯ ಎತ್ತಿದ್ದರು. ಒಂದು, ಖರ್ಚು ಬಂದ ತಿಂಗಳಲ್ಲೇ ಬೆಲೆಯೂ ಏರಿದ್ದರೆ? ಬೆಲೆ ನೋಡಿ ಮಾರಿದರೋ ಫೀಸು ನೋಡಿ ಮಾರಿದರೋ ನಿಮಗೆ ಹೇಗೆ ಗೊತ್ತು? ಎರಡು, ಹದಿನೆಂಟು ವರ್ಷ ಅಂದರೆ 216 ತಿಂಗಳು. ನಿಮ್ಮ ಮುಖ್ಯ ಮನೆಯ ಲೆಕ್ಕದಲ್ಲಿ 185 ಮಾತ್ರ ಇವೆ. ಉಳಿದ 31 ಎಲ್ಲಿ? ಅವು ಸುಮ್ನೆ ಆಕಸ್ಮಿಕವಾಗಿ ಕಳೆದವು ಅಂತ ಯಾರು ಹೇಳಿದರು?

ನನಗೆ ಸಿಟ್ಟು ನೆತ್ತಿಗೇರಿತು. ಹಳ್ಳಿ ಮನೆಯ ಕ್ಯಾಲೆಂಡರು, ಗೆದ್ದಲು ತಿಂದಿರುತ್ತದೆ, ಇದನ್ನೆಲ್ಲ ಪಟ್ಟಣದಲ್ಲಿ ಕೂತವರಿಗೆ ಹೇಗೆ ಹೇಳುವುದು? ಕವರನ್ನು ಕಪಾಟಿನ ತಳಕ್ಕೆ ಹಾಕಿದೆ. ಏಳು ತಿಂಗಳು ಮುಟ್ಟಲಿಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ಅಮ್ಮನ ಹತ್ತಿರ ಸುಮ್ನೆ ಕೇಳಿದೆ, ಆ ಪುಟಗಳೆಲ್ಲ ಏನಾದವು ಅಂತ. ಅಮ್ಮ ಬೀನ್ಸ್ ಮುರಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: 'ನಿಮ್ಮ ಪುಸ್ತಕಕ್ಕೆ ಬೈಂಡ್ ಹಾಕಿದ್ದಲ್ವಾ?'

ಜೂನಿನಲ್ಲಿ ಶಾಲೆ ಶುರುವಾಗುವಾಗ ಹೋದ ವರ್ಷದ ಕ್ಯಾಲೆಂಡರು ಇಳಿಸಿ ಹಾಳೆ ಹರಿಯುತ್ತಿದ್ದರು. ಹರಿಯುವುದು ಎಲ್ಲಿಂದ? ಮೇಲಿನಿಂದ. ಮೇಲೆ ಇರುವುದು ಜನವರಿ, ಫೆಬ್ರವರಿ, ಮಾರ್ಚ್. ಎಣಿಸಿ ನೋಡಿದೆ. 31ರಲ್ಲಿ 22 ಹಾಳೆ ಜನವರಿಯಿಂದ ಏಪ್ರಿಲ್ ಒಳಗಿನವು. ಅಂದರೆ ಅಡಿಕೆ ಕೊಯ್ದು, ಒಣಗಿಸಿ, ಸುಲಿದು ಮಾರುವ ಸಮಯ! ನನ್ನ ಪೇಪರಿನಲ್ಲಿ ಜೂನ್ ಮಾರಾಟ ಎದ್ದು ಕಾಣುತ್ತಿದ್ದದ್ದಕ್ಕೆ ಒಂದು ಕಾರಣ ಫೀಸು. ಇನ್ನೊಂದು ಕಾರಣ ಬೇಸಿಗೆಯ ಹಾಳೆಗಳೆಲ್ಲ ನನ್ನ ತಮ್ಮನ ಪುಸ್ತಕದ ಮೇಲೆ ಇದ್ದದ್ದು. ಎರಡನೇ ರೆಫರಿ ನಮ್ಮ ಮನೆ ನೋಡಿರಲಿಲ್ಲ. ಆದರೂ ನಮ್ಮ ಮನೆಯಲ್ಲಿ ನಡೆದದ್ದನ್ನು ಸರಿಯಾಗಿ ಊಹಿಸಿದ್ದರು.

ಅಟ್ಟ ಹತ್ತಿದೆವು. ತಮ್ಮನ ಹಳೇ ಪುಸ್ತಕಗಳ ಪೆಟ್ಟಿಗೆ ಸಿಕ್ಕಿತು. ಏಳನೇ ಕ್ಲಾಸಿನ ಸಮಾಜ ಪಾಠದ ಬೈಂಡ್ ಬಿಚ್ಚಿದರೆ ಒಳಗಡೆ ಫೆಬ್ರವರಿ. ಹದಿನೆಂಟನೇ ತಾರೀಕಿನ ಚೌಕದಲ್ಲಿ ಪೆನ್ಸಿಲಿನಲ್ಲಿ 'ಹೊಸತು 4 ಗೋಣಿ'. ನಾನು ಅಟ್ಟದಲ್ಲೇ ಕೂಗಿಬಿಟ್ಟೆ, ಹಾವು ಬಂತೋ ಅಂತ ಅಮ್ಮ ಓಡಿ ಬಂದರು. ಒಟ್ಟು ಒಂಬತ್ತು ಹಾಳೆ ಹೀಗೆ ವಾಪಸ್ ಬಂದವು. ಉಳಿದ 22 ಸಿಗಲೇ ಇಲ್ಲ. ಸಿಗಲಿಲ್ಲ ಅಂತಲೇ ಪೇಪರಿನಲ್ಲಿ ಬರೆದೆ, ಏಕೆ ಅಂತಲೂ ಬರೆದೆ. ಆ ತಿಂಗಳುಗಳಲ್ಲಿ ತುಂಬಾ ಮಾರಿದ್ದರೆ ಫಲಿತಾಂಶ ಏನಾಗುತ್ತದೆ, ಏನೂ ಮಾರದಿದ್ದರೆ ಏನಾಗುತ್ತದೆ, ಎರಡೂ ಲೆಕ್ಕ ಹಾಕಿ ತೋರಿಸಿದೆ. ಹಳೇ ಪತ್ರಿಕೆಗಳಿಂದ ಮಂಗಳೂರಿನ ತಿಂಗಳ ಧಾರಣೆ ಬರೆದು ತಂದು ಪಕ್ಕದಲ್ಲಿ ಇಟ್ಟೆ. ಆಗ ಗೊತ್ತಾಯಿತು, ಮನೆಯಲ್ಲಿ ದೊಡ್ಡ ಖರ್ಚು ಇದ್ದ ವರ್ಷ ಬೆಲೆ ಏನೇ ಇರಲಿ ಗೋಣಿ ಇಳಿಯುತ್ತಿತ್ತು. ಖರ್ಚು ಇಲ್ಲದ ವರ್ಷ ಮಾತ್ರ ಅಮ್ಮ ಚೆನ್ನಾಗಿಯೇ ಬೆಲೆ ಕಾಯುತ್ತಿದ್ದರು. ಅರ್ಧ ನಾನು ಸರಿ, ಅರ್ಧ ರೆಫರಿ ಸರಿ. ಬೇರೆ ಜರ್ನಲಿನಲ್ಲಿ 2001ರಲ್ಲಿ ಅಚ್ಚಾಯಿತು, 22 ಪುಟ. ಅಮ್ಮ ತಿರುವಿ ಹಾಕಿ ನೋಡಿ, 'ಇಷ್ಟು ಹೇಳಲಿಕ್ಕೆ ಇಷ್ಟು ಪುಟವಾ?' ಅಂದರು.

ನಿಮ್ಮ ಮೂರು ಪುಟದ ಬೈಗಳನ್ನು ಎರಡು ವಾರ ಮುಚ್ಚಿಡಿ. ಆಮೇಲೆ ಒಂದೊಂದು ಸಾಲಿಗೂ ನಂಬರ್ ಹಾಕಿ. ಇದು ಸರಿ, ಇದು ತಪ್ಪು, ಇದು ನಾನು ಸರಿಯಾಗಿ ಬರೆಯದ ಕಾರಣ ಅವರಿಗೆ ಅರ್ಥವಾಗಿಲ್ಲ ಅಂತ ಮೂರು ಗುಂಪು ಮಾಡಿ. ಮೂರನೇ ಗುಂಪೇ ದೊಡ್ಡದಿರುತ್ತದೆ. ಗೈಡಿಗೆ ಇವತ್ತೇ ಮುಖ ತೋರಿಸಿ. ಅವರ ಕಪಾಟಿನ ತಳದಲ್ಲಿಯೂ ಕವರುಗಳಿರುತ್ತವೆ.

ಪ್ರಶ್ನೆ: ಇಷ್ಟೆಲ್ಲ ಅರ್ಥಶಾಸ್ತ್ರ ಓದಿದ್ದೀರಿ. ಮುಂದಿನ ವರ್ಷ ಅಡಿಕೆಗೆ ಎಷ್ಟು ಧಾರಣೆ ಅಂತ ಹೇಳಿ ನೋಡುವ.
— ಕೃಷಿಕರು, ಮುಳ್ಳೇರಿಯ (ಮತ್ತು ಇನ್ನೂ ಎಂಟು ಜನ)

ಗೊತ್ತಿದ್ದರೆ ನಾನು ಈ ಅಂಕಣ ಬರೆಯುತ್ತಿದ್ದೆನಾ?

ತಮಾಷೆ ಬಿಡಿ. ಮುಂದಿನ ವರ್ಷ ಏರುತ್ತದೆ ಅಂತ ನಾನು ಖಂಡಿತವಾಗಿ ಹೇಳಿ ನೀವೆಲ್ಲ ನಂಬಿದಿರಿ ಅಂತ ಇಟ್ಟುಕೊಳ್ಳಿ. ಎಲ್ಲರೂ ಇವತ್ತೇ ಗೋಣಿ ಕಟ್ಟಿ ಇಡುತ್ತೀರಿ. ಪೇಟೆಗೆ ಅಡಿಕೆ ಬರುವುದಿಲ್ಲ, ಬೆಲೆ ಇವತ್ತೇ ಏರುತ್ತದೆ. ಮುಂದಿನ ವರ್ಷ ಎಲ್ಲರೂ ಒಟ್ಟಿಗೆ ಇಳಿಸುತ್ತೀರಿ, ಬೆಲೆ ಬೀಳುತ್ತದೆ. ನನ್ನ ಭವಿಷ್ಯ ನಿಮ್ಮಿಂದಲೇ ಸುಳ್ಳಾಗುತ್ತದೆ. ಹತ್ತು ವರ್ಷದ ಮಟ್ಟಿಗೆ ಬೇಕಾದರೆ ಒಂದು ಮಾತು ಹೇಳಬಹುದು. ಬೆಲೆ ಏರಿದ ವರ್ಷ ಗುಡ್ಡೆ ಅಗೆದು ಸಸಿ ನೆಡುತ್ತೇವೆ, ಫಸಲು ಬರಲು ಐದಾರು ವರ್ಷ ಬೇಕು, ಅಷ್ಟರಲ್ಲಿ ಎಲ್ಲರ ಸಸಿಯೂ ಮರವಾಗಿರುತ್ತದೆ. 1970ರ ಸುಮಾರಿಗೆ ಧಾರಣೆ ಬಿದ್ದು ಜನ ಕಂಗಾಲಾದದ್ದು ಹಿರಿಯರಿಗೆ ನೆನಪಿರಬಹುದು. ಆಮೇಲೆಯೇ ವಾರಣಾಸಿ ಸುಬ್ರಾಯ ಭಟ್ಟರು ಓಡಾಡಿ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದ್ದು. ಧಾರಣೆ ಏನಾಗುತ್ತದೆ ಅಂತ ಅವರೂ ಹೇಳಲಿಲ್ಲ. ಬಿದ್ದಾಗ ಕೊಳ್ಳುವವರೊಬ್ಬರು ಇರಬೇಕು ಅಂದರು.

ಪ್ರಶ್ನೆ: ಮಗಳು ಪಿಎಚ್‌ಡಿ ಮಾಡುತ್ತೇನೆ ಅನ್ನುತ್ತಾಳೆ. ಎಷ್ಟು ವರ್ಷ? ಹೊಟ್ಟೆಪಾಡು ಹೇಗೆ?
— ತಂದೆ, ಉಪ್ಪಳ

ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2022ರ ನಿಯಮದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಂಗಸರಿಗೆ ಇನ್ನೂ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ಐದು ಅಂತ ಇಟ್ಟುಕೊಳ್ಳಿ. ನೆಟ್ ಪರೀಕ್ಷೆಯಲ್ಲಿ ಸಂಶೋಧಕರ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಮನೆ ಬಾಡಿಗೆ ಬೇರೆ. ಜೆಆರ್‌ಎಫ್ ಇಲ್ಲದಿದ್ದರೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲದಿಂದ 8,000, ಅದರಲ್ಲಿ ಹಾಸ್ಟೆಲಿನ ಊಟವೇ ಮುಗಿದುಹೋಗುತ್ತದೆ. ಹಾಗಾಗಿ ಜೆಆರ್‌ಎಫ್‌ಗೆ ಎರಡು ಮೂರು ಸಲ ಕೂರಲಿ, ಅದು ವ್ಯರ್ಥ ಅಲ್ಲ. ಖಾಯಂ ಅಸಿಸ್ಟೆಂಟ್ ಪ್ರೊಫೆಸರ್ ಆದರೆ ಮೂಲ ವೇತನ 57,700ರಿಂದ ಶುರು. ಆದರೆ ಆ ಖಾಯಂ ಅನ್ನುವುದು ಬರುವಾಗ ಕೆಲವರಿಗೆ ತಲೆಗೂದಲು ನೆರೆದಿರುತ್ತದೆ. ಮಧ್ಯದ ಗೆಸ್ಟ್ ಲೆಕ್ಚರರ್ ವರ್ಷಗಳ ಬಗ್ಗೆ ನಿಮ್ಮಿಂದ ಮುಚ್ಚಿಡುವುದಿಲ್ಲ, ಅದು ಕಷ್ಟ. ನಾನು ಆರು ವರ್ಷ ಮಾಡಿದ್ದೇನೆ. ಬೇಸಿಗೆ ರಜೆಗೆ ಸಂಬಳ ಇರುತ್ತಿರಲಿಲ್ಲ. ಆಗೆಲ್ಲ ಗೋಣಿ ಇಳಿದದ್ದು ನನಗಾಗಿಯೇ.

ಒಂದು ಮಾತು. ಮಗಳ ಮದುವೆ ಬಗ್ಗೆ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದಕ್ಕೆ ಈ ಅಂಕಣ ಅಲ್ಲ.

ಪ್ರಶ್ನೆ: ಒಂದು ಜರ್ನಲಿನವರು 'ಮೂರು ದಿನದಲ್ಲಿ ಪ್ರಕಟಿಸುತ್ತೇವೆ, 4,500 ರೂಪಾಯಿ ಕಳಿಸಿ' ಅಂತ ಮೆಸೇಜ್ ಮಾಡಿದ್ದಾರೆ. ಪ್ರಮೋಷನ್ನಿಗೆ ಬೇಕಿತ್ತು.
— ಉಪನ್ಯಾಸಕ, ಕಾಸರಗೋಡು

ಮೂರು ದಿನದಲ್ಲಿ ಅಡಿಕೆಯೇ ಒಣಗುವುದಿಲ್ಲ, ಪೇಪರನ್ನು ಓದಿ ಪರೀಕ್ಷೆ ಮಾಡುವವರು ಯಾರು? ಕಳಿಸಬೇಡಿ.

ದುಡ್ಡು ಕೇಳಿದ ಕೂಡಲೇ ಕಳ್ಳರು ಅಂತಲೂ ಅಲ್ಲ. ಅಮೆರಿಕನ್ ಎಕನಾಮಿಕ್ ರಿವ್ಯೂ ಅಂಥ ಜರ್ನಲ್ ಕೂಡ ಕಳಿಸುವಾಗಲೇ ಶುಲ್ಕ ತೆಗೆದುಕೊಳ್ಳುತ್ತದೆ. ಆದರೆ ಆ ದುಡ್ಡು ಓದುವುದಕ್ಕೆ. ಅಚ್ಚು ಹಾಕುತ್ತೇವೆ ಅನ್ನುವ ಭರವಸೆಗೆ ಅಲ್ಲ. ಕೊಟ್ಟ ಮೇಲೂ ತಿರಸ್ಕರಿಸುತ್ತಾರೆ! ಯುಜಿಸಿ 2019ರಲ್ಲಿ ಒಳ್ಳೆಯ ಜರ್ನಲುಗಳದ್ದು ಕೇರ್ ಪಟ್ಟಿ ಅಂತ ಮಾಡಿತ್ತು, 2025ರಲ್ಲಿ ಅದನ್ನೂ ಕೈಬಿಟ್ಟಿತು. ಈಗ ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ನಾವೇ ನೋಡಬೇಕು. ನನ್ನ ಪರೀಕ್ಷೆ ಸುಲಭ. ನೀವು ಪಾಠಕ್ಕೆ ಬಳಸುವ ಪೇಪರುಗಳ ಕೊನೆಯ ಪಟ್ಟಿ ತೆಗೆಯಿರಿ. ಈ ಜರ್ನಲಿನ ಹೆಸರು ಅಲ್ಲಿ ಒಂದು ಸಲವಾದರೂ ಉಂಟಾ? ಇಲ್ಲದಿದ್ದರೆ ಆ ದುಡ್ಡಿನಲ್ಲಿ ಎರಡು ಬಾಳೆಗೊನೆ ತೆಗೆದುಕೊಂಡು ಸ್ಟಾಫ್ ರೂಮಿನಲ್ಲಿ ಹಂಚಿ. ಹೆಸರಾದರೂ ಬರುತ್ತದೆ.

ಪ್ರಶ್ನೆ: ಗೆಳತಿಯೊಂದಿಗೆ ಸೇರಿ ಪೇಪರ್ ಬರೆದೆ. ಹೆಚ್ಚು ಕೆಲಸ ನನ್ನದು. ಆದರೆ ಅವಳ ಹೆಸರು ಮೊದಲು ಬಂದಿದೆ.
— ಹೆಸರು ಬೇಡ

ಅವಳು ಭಟ್, ನೀವು ಶೆಟ್ಟಿ. ಅಷ್ಟೇ ಕಾರಣ. ನಮ್ಮ ಶಾಸ್ತ್ರದಲ್ಲಿ ಕುಲನಾಮದ ಇಂಗ್ಲಿಷ್ ಅಕ್ಷರದ ಸಾಲಿನಲ್ಲೇ ಹೆಸರು ಹಾಕುವ ಪದ್ಧತಿ. ಇದು ಸಣ್ಣ ವಿಷಯವೂ ಅಲ್ಲ. 2006ರಲ್ಲಿ ಲಿರನ್ ಐನಾವ್ ಮತ್ತು ಲೀಟ್ ಯಾರಿವ್ ಲೆಕ್ಕ ಹಾಕಿ ನೋಡಿದರು. ಅಮೆರಿಕದ ದೊಡ್ಡ ಅರ್ಥಶಾಸ್ತ್ರ ವಿಭಾಗಗಳಲ್ಲಿ ಮೊದಲ ಅಕ್ಷರಗಳ ಹೆಸರಿನವರಿಗೆ ಖಾಯಂ ಹುದ್ದೆ ಸಿಗುವುದು ಜಾಸ್ತಿ. ಮನಃಶಾಸ್ತ್ರದಲ್ಲಿ ಹೀಗಿಲ್ಲ, ಅಲ್ಲಿ ಅಕ್ಷರದ ಪದ್ಧತಿ ಇಲ್ಲ. ದೇಬ್‌ರಾಜ್ ರೇ ಮತ್ತು ಆರ್ಥರ್ ರಾಬ್ಸನ್ 2018ರಲ್ಲಿ ಚೀಟಿ ಎತ್ತಿ ಹೆಸರು ಹಾಕುವ ಅಂದರು. ಮುಂದಿನ ಪೇಪರಿಗೆ ಗೆಳತಿಯ ಹತ್ತಿರ ಅದನ್ನು ಕೇಳಿ. ಒಪ್ಪದಿದ್ದರೆ ಯು ಅಥವಾ ವೈ ಅಕ್ಷರದವರೊಬ್ಬರನ್ನು ಹುಡುಕಿ.

ಪ್ರಶ್ನೆ: ನಾನು ಹತ್ತನೇವರೆಗೆ ಕನ್ನಡ ಮಾಧ್ಯಮ. ಜರ್ನಲುಗಳೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಕನ್ನಡದಿಂದ ಈ ಕೆಲಸದಲ್ಲಿ ಏನಾದರೂ ಉಪಯೋಗ ಉಂಟಾ?
— ಬಿ.ಎ. ವಿದ್ಯಾರ್ಥಿ, ಅಡೂರು

ನಾನೂ ಕನ್ನಡ ಮಾಧ್ಯಮವೇ. ಪೇಪರಿನ ಇಂಗ್ಲಿಷ್ ಕಷ್ಟದ್ದಲ್ಲ, ಅದರಲ್ಲಿ ಮುನ್ನೂರು ಪದ ಮತ್ತೆ ಮತ್ತೆ ಬರುತ್ತವೆ. ಎರಡು ವರ್ಷದಲ್ಲಿ ಬಂದುಬಿಡುತ್ತದೆ. ಕಷ್ಟ ಇರುವುದು ಜನರ ಹತ್ತಿರ ಪ್ರಶ್ನೆ ಕೇಳುವುದರಲ್ಲಿ. ಅಲ್ಲಿ ನೀವು ಗೆಲ್ಲುತ್ತೀರಿ.

ಸರ್ವೆಯ ಮೊದಲ ಪ್ರಶ್ನೆಯೇ ಕುಟುಂಬದಲ್ಲಿ ಎಷ್ಟು ಜನ ಅಂತ. 1950ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಇದಕ್ಕೆ ಒಂದು ಅರ್ಥ ಉಂಟು: ಒಟ್ಟಿಗೆ ವಾಸಿಸಿ ಒಂದೇ ಅಡಿಗೆಯಲ್ಲಿ ಉಣ್ಣುವವರು. ಹೊರಗಿನಿಂದ ಬಂದ ತಂಡವೊಂದು ನಮ್ಮ ಕಡೆ 'ಕುಟುಂಬ' ಅಂತಲೇ ಕೇಳಿತು. ತುಳು ಮನೆಯವರು ತರವಾಡಿನ ಅರುವತ್ತು ಜನರನ್ನು ಹೇಳಿದರು. ನಾಗನ ಕಟ್ಟೆಗೆ ಸೇರುವವರೆಲ್ಲ ಕುಟುಂಬವೇ ಅಲ್ವಾ? ನಾವು ಆಮೇಲೆ 'ಇಲ್ಲಿ ಎಷ್ಟು ಒಲೆ?' ಅಂತ ಕೇಳಿದೆವು. ಒಂದೇ ಸೂರಿನ ಕೆಳಗೆ ಅಣ್ಣನ ಒಲೆ ಬೇರೆ, ತಮ್ಮನ ಒಲೆ ಬೇರೆ ಅಂತ ತಟಕ್ಕನೆ ಉತ್ತರ ಬಂತು. ಗ್ಯಾಸ್ ಬಂದ ಮೇಲೂ ಒಲೆ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ನಿಮಗೆ ಕನ್ನಡ ಉಂಟು, ತುಳು, ಮಲಯಾಳ ಉಂಟು, ಬಹುಶಃ ಸ್ವಲ್ಪ ಮರಾಟಿಯೂ ಉಂಟು. ಒಂದು ಪ್ರಶ್ನೆಯನ್ನು ನಾಲ್ಕು ಭಾಷೆಯಲ್ಲಿ ಕೇಳಿ ನೋಡಿದವನಿಗೆ ಆ ಪ್ರಶ್ನೆಯೇ ತಪ್ಪು ಅಂತ ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ನಿವೃತ್ತಿಯ ಮೇಲೂ ಪೇಪರ್ ಬರೀತೀರಾ, ಅಥವಾ ತೋಟ ಮಾತ್ರವಾ?
— ನಿಮ್ಮ ಹಳೇ ವಿದ್ಯಾರ್ಥಿನಿ, ಕಾಞಂಗಾಡ್

ಒಂದು ಉಂಟು, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆಯುವ ನಮ್ಮ ಕಡೆಯ ಸುರಂಗದ ಬಗ್ಗೆ. ಜಾಗ ಪಾಲಾದ ಮೇಲೆ ಗುಡ್ಡದೊಳಗಿನ ಸುರಂಗದ ನೀರು ಯಾರಿಗೆ, ಎಷ್ಟು ಹೊತ್ತು ಅನ್ನುವುದು ವಿಷಯ. ನಮ್ಮ ಸುತ್ತಿನ ನಲುವತ್ತು ಸುರಂಗ ನೋಡಿದ್ದೇವೆ. ತಿದ್ದಿ ಕಳಿಸಿ ಅಂತ ಬಂದಿದೆ. (ಪಾಯಸ ಮಾಡಿದೆ.) ಈ ಸಲವೂ ಎರಡನೇ ರೆಫರಿಯದ್ದೇ ತಕರಾರು: ಉದ್ದ ಅಳೆದದ್ದು ಹೇಗೆ? ತೆಂಗಿನ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ ತಮ್ಮನ ಮಗನ ಸೊಂಟಕ್ಕೆ ಕಟ್ಟಿ ಒಳಗೆ ಬಿಟ್ಟಿದ್ದೆವು. ನಮ್ಮದೇ ಸುರಂಗದಲ್ಲಿ ಇಪ್ಪತ್ತಮೂರನೇ ಗಂಟಿಗೆ ಬಾವಲಿ ಅಂತ ಕೂಗಿ ವಾಪಸ್ ಬಂದ. ನಾನು 23 ಅಂತ ಬರೆದೆ. ಅದು ಸುರಂಗದ ಉದ್ದವೋ ಹುಡುಗನ ಧೈರ್ಯದ ಉದ್ದವೋ ಅಂತ ರೆಫರಿ ಕೇಳಿಲ್ಲ, ಆದರೆ ಕೇಳಿದ್ದು ಅದನ್ನೇ. ಮಳೆ ನಿಂತ ಮೇಲೆ ಮತ್ತೆ ಅಳೆಯಬೇಕು. ದೀಪಾವಳಿಗೆ ಊರಿಗೆ ಬಂದರೆ ಟಾರ್ಚ್ ಹಿಡಿದುಕೊಂಡು ಬನ್ನಿ.